ಮುರಿಯುವ ಮೂಳೆ, ಬಾಗಿದ ಬೆನ್ನು ಮತ್ತು ಪಿಯಾನೊ: ಮಿಶೆಲ್ ಪೆತ್ರುಚಿಯಾನಿ ಅವರ ಬದುಕು

ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಸಂತರ, ಧರ್ಮಪ್ರಚಾರಕರ, ಧರ್ಮಸಭೆಗಾಗಿ ದುಡಿದ ಹಿರಿಯರ ಜೀವನಚರಿತ್ರೆಯನ್ನು ಪ್ರಕಟಿಸುತ್ತೇವೆ. ಈ ಬಾರಿ ಆರಿಸಿಕೊಂಡ ವ್ಯಕ್ತಿ ಸಂತರಲ್ಲ. ಅವರು ಹಾಗೆಂದು ಎಂದೂ ಹೇಳಿಕೊಂಡವರೂ ಅಲ್ಲ. ಅವರು ಫ್ರಾನ್ಸ್ ದೇಶದ ಒಬ್ಬ ಪಿಯಾನೊ ವಾದಕರು, ಜಾಝ್ ಸಂಗೀತಗಾರರು. 1999ರಲ್ಲಿ ಕೇವಲ 36ನೇ ವಯಸ್ಸಿನಲ್ಲಿ ತೀರಿಕೊಂಡರು. ಎತ್ತರ ಸುಮಾರು 3 ಅಡಿ, ತೂಕ 30 ಕಿಲೋಗಿಂತಲೂ ಕಡಿಮೆ. ಆದರೂ ಯುರೋಪ್, ಅಮೆರಿಕ, ಜಪಾನ್ ದೇಶಗಳ ದೊಡ್ಡ ದೊಡ್ಡ ಸಭಾಂಗಣಗಳು ಅವರಿಗಾಗಿ ತುಂಬಿ ತುಳುಕುತ್ತಿದ್ದವು. ಹೆಸರು ಮಿಶೆಲ್ ಪೆತ್ರುಚಿಯಾನಿ.

ಅವರ ಬಗ್ಗೆ ಬರೆಯಲು ನಮಗೆ ಒಂದು ಕಾರಣವಿದೆ. ನಮ್ಮ ಧರ್ಮಕೇಂದ್ರಗಳಲ್ಲಿ ಮನೆ ಭೇಟಿಗೆ ಹೋಗುವ ಧರ್ಮಗುರುಗಳು, ಧರ್ಮಭಗಿನಿಯರು ಮತ್ತು ವಾಳೆಯ ಗುರಿಕಾರರು ಕೆಲವೊಮ್ಮೆ ಒಳಕೋಣೆಯಲ್ಲಿ ಮಲಗಿಸಿದ ಮಗುವೊಂದನ್ನು ಕಾಣುತ್ತಾರೆ. ಮತ್ತೆ ಮತ್ತೆ ಮೂಳೆ ಮುರಿದುಕೊಳ್ಳುವ ಮಗು, ವಯಸ್ಸಿಗೆ ತಕ್ಕಂತೆ ಬೆಳೆಯದ ಮಗು, ಬೆನ್ನು ಒಂದು ಕಡೆಗೆ ವಾಲಿದ ಮಗು. ನಮ್ಮವರು ಅಂಥ ಮಗುವನ್ನು ನೋಡಿ ತಲೆ ಸವರಿ, ತಾಯಿಗೆ ಎರಡು ಸಮಾಧಾನದ ಮಾತು ಹೇಳಿ ಹೊರಬರುತ್ತಾರೆ. ಆ ಕಾಯಿಲೆ ಏನು, ಅದು ಬೆನ್ನೆಲುಬಿಗೆ ಏನು ಮಾಡುತ್ತದೆ, ಆ ಮಗು ಮುಂದೆ ಏನಾಗಬಲ್ಲದು ಎಂದು ತಿಳಿದವರು ಕಡಿಮೆ. ಮಿಶೆಲ್ ಹುಟ್ಟಿದ್ದು ಅಂಥದೇ ಒಂದು ಮಗುವಾಗಿ.

1962ರ ಡಿಸೆಂಬರ್ 28ರಂದು ದಕ್ಷಿಣ ಫ್ರಾನ್ಸಿನ ಒರಾಂಜ್ ಎಂಬ ಪಟ್ಟಣದಲ್ಲಿ ಅವರ ಜನನವಾಯಿತು. ರೋಮನ್ನರ ಕಾಲದ ರಂಗಮಂದಿರಕ್ಕೆ ಹೆಸರಾದ ಊರು ಅದು. ತಂದೆಯ ಕಡೆಯವರು ಇಟೆಲಿಯ ಮೂಲದವರು. ತಂದೆ ಆಂತ್ವಾನ್ ಅವರನ್ನು ಎಲ್ಲರೂ ಟೋನಿ ಎಂದೇ ಕರೆಯುತ್ತಿದ್ದರು. ಅವರು ಗಿಟಾರ್ ವಾದಕರು. ಅಣ್ಣಂದಿರಲ್ಲಿ ಫಿಲಿಪ್ ಗಿಟಾರ್ ಹಿಡಿದರು, ಲೂಯಿ ದೊಡ್ಡ ಬೇಸ್ ವಾದ್ಯ ಹಿಡಿದರು. ಹೀಗೆ ಮನೆಯಿಡೀ ಸಂಗೀತ. ಈ ಮನೆಗೆ ಬಂದ ಕಿರಿಯ ಮಗನ ಮೂಳೆಗಳು ಹುಟ್ಟುವಾಗಲೇ ಮುರಿದಿದ್ದವು.

ವೈದ್ಯರು ಕೊಟ್ಟ ಹೆಸರು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ. ಲ್ಯಾಟಿನ್ ಬಲ್ಲವರಿಗೆ ಅರ್ಥ ಸುಲಭ: ಮೂಳೆ ಸರಿಯಾಗಿ ರೂಪುಗೊಳ್ಳದಿರುವುದು. ಜನರ ಬಾಯಲ್ಲಿ ಇದು ಗಾಜಿನ ಮೂಳೆಯ ಕಾಯಿಲೆ. ಸುಮಾರು 15ರಿಂದ 20 ಸಾವಿರ ಜನನಗಳಲ್ಲಿ ಒಂದು ಮಗುವಿಗೆ ಇದು ಬರುತ್ತದೆ. ಅಪರೂಪದ್ದೇ ಆದರೂ, ಜನಸಂಖ್ಯೆ ಹೆಚ್ಚಿರುವ ನಮ್ಮಂಥ ದೇಶದಲ್ಲಿ ಇಂಥವರ ಸಂಖ್ಯೆ ಸಣ್ಣದಾಗಿರಲಾರದು.

ಇದನ್ನು ಅರಿಯಲು ಕರಾವಳಿಯ ನಮಗೆ ದೂರ ಹೋಗಬೇಕಾಗಿಲ್ಲ. ಕಾಂಕ್ರೀಟ್ ತಾರಸಿ ಗಟ್ಟಿಯಾಗಿ ನಿಲ್ಲುವುದು ಬರೀ ಸಿಮೆಂಟಿನಿಂದಲ್ಲ, ಒಳಗಿನ ಕಬ್ಬಿಣದ ಸರಳುಗಳಿಂದ. ಸಮುದ್ರದ ಉಪ್ಪುಗಾಳಿಗೆ ಸರಳು ತುಕ್ಕು ಹಿಡಿದರೆ ಹೊರಗೆ ಎಷ್ಟೇ ಗಾರೆ ಬಳಿದರೂ ತಾರಸಿ ಬಿರುಕು ಬಿಡುತ್ತದೆ. ಮೂಳೆಯಲ್ಲಿ ಸುಣ್ಣದ ಅಂಶ ಸಿಮೆಂಟಿನಂತೆ; ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ಸರಳಿನಂತೆ. ಈ ಕಾಯಿಲೆಯ ಹೆಚ್ಚಿನ ರೋಗಿಗಳಲ್ಲಿ ಆ ಕೊಲಾಜೆನ್ ತಯಾರಿಸುವ ಎರಡು ವಂಶವಾಹಿಗಳಲ್ಲಿ ಒಂದರಲ್ಲಿ ದೋಷವಿರುತ್ತದೆ. ಹಾಗಾಗಿ ಸುಣ್ಣದ ಮಾತ್ರೆ ನುಂಗಿಸಿ, ರಾಗಿ ಗಂಜಿ ಕುಡಿಸಿ ಇದನ್ನು ಗುಣಪಡಿಸಲಾಗುವುದಿಲ್ಲ. ಸುಣ್ಣ ಬೇಡವೆಂದಲ್ಲ, ಅದು ಸಾಲದು ಎಂದಷ್ಟೇ.

ಪೆತ್ರುಚಿಯಾನಿ ಮನೆಯಲ್ಲಿ ಅಣ್ಣಂದಿರಿಬ್ಬರೂ ಆರೋಗ್ಯವಂತರು. ತಾಯಿತಂದೆಗೆ ಯಾವ ದೋಷವೂ ಇಲ್ಲದೆ ಮಗುವಿನಲ್ಲಿಯೇ ಮೊದಲ ಬಾರಿಗೆ ಈ ದೋಷ ಕಾಣಿಸಿಕೊಳ್ಳುವುದು ಸಾಮಾನ್ಯ. ಇದನ್ನು ನಾವು ಒತ್ತಿ ಹೇಳಲು ಕಾರಣವಿದೆ. ಇಂಥ ಮಗು ಹುಟ್ಟಿದ ಮನೆಯಲ್ಲಿ ಮೊದಲು ನಡೆಯುವುದು ತಪ್ಪಿತಸ್ಥರ ಹುಡುಕಾಟ. ಗ್ರಹಣದ ದಿನ ಹೊರಗೆ ಹೋದಳು, ಬಸುರಿಯಲ್ಲಿ ಹಣ್ಣು ತಿನ್ನಲಿಲ್ಲ, ಹಿರಿಯರ ಶಾಪ ಎಂದು ಮಾತು ಬೆಳೆಯುತ್ತದೆ, ಮತ್ತು ಎಲ್ಲವೂ ತಾಯಿಯ ತಲೆಯ ಮೇಲೆ ಬೀಳುತ್ತದೆ. ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನನ್ನು ಕಂಡ ಶಿಷ್ಯರು ಕೇಳಿದ್ದೂ ಇದೇ ಪ್ರಶ್ನೆಯನ್ನು. ಯೇಸು ಕೊಟ್ಟ ಉತ್ತರ ನಮ್ಮ ಓದುಗರಿಗೆ ಗೊತ್ತು. ಇನ್ನೊಂದು ಮಾತು. ಈ ಕಾಯಿಲೆಯ ಕೆಲವು ಬಗೆಗಳು ತಾಯಿತಂದೆ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಪ್ರಕಟವಾಗುತ್ತವೆ. ಇವು ಹತ್ತಿರದ ರಕ್ತಸಂಬಂಧಿಗಳು ಮದುವೆಯಾಗುವ ಸಮಾಜಗಳಲ್ಲಿ ಹೆಚ್ಚು. ಧರ್ಮಸಭೆಯ ಕಾನೂನು ಅಂಥ ವಿವಾಹಕ್ಕೆ ಅಡ್ಡಿ ಇಟ್ಟಿರುವುದನ್ನು ಬರೀ ಹಳೆಯ ಕಟ್ಟಳೆ ಎಂದು ನಗುವವರು ಇದನ್ನು ಗಮನಿಸಲಿ.

ಮಿಶೆಲ್ ನಾಲ್ಕು ವರ್ಷದವರಿದ್ದಾಗ ಟೆಲಿವಿಷನ್ನಿನಲ್ಲಿ ಅಮೆರಿಕದ ಖ್ಯಾತ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಪಿಯಾನೊ ನುಡಿಸುವುದನ್ನು ಕಂಡರು. ತನಗೂ ಅದು ಬೇಕು ಎಂದು ಹಟ ಹಿಡಿದರು. ತಂದೆ ಒಂದು ಆಟಿಕೆಯ ಪಿಯಾನೊ ತಂದುಕೊಟ್ಟರು. ಅದರ ಸದ್ದು ಕೇಳಿ ಬಾಲಕನಿಗೆ ಎಷ್ಟು ಸಿಟ್ಟು ಬಂತೆಂದರೆ, ಸುತ್ತಿಗೆ ತೆಗೆದುಕೊಂಡು ಅದನ್ನು ಒಡೆದುಹಾಕಿದರು. ತನ್ನ ಮೂಳೆಯೇ ಯಾವಾಗ ಮುರಿಯುವುದೋ ಎಂಬ ಮಗು ಸುತ್ತಿಗೆ ಎತ್ತಿದ ಈ ಘಟನೆಯನ್ನು ಅವರ ಬಗ್ಗೆ ಬರೆದವರೆಲ್ಲ ತಪ್ಪದೆ ಹೇಳುತ್ತಾರೆ. ನಮಗಂತೂ ಅವರ ಇಡೀ ಸ್ವಭಾವ ಅದರಲ್ಲಿ ಕಾಣುತ್ತದೆ. ತಂದೆ ಬೈಯಲಿಲ್ಲ. ಸೇನಾನೆಲೆಯೊಂದರಲ್ಲಿ ಸೈನಿಕರು ಬಿಟ್ಟುಹೋದ ಹಳೆಯದೊಂದು ಪಿಯಾನೊ ಮನೆಗೆ ಬಂತು.

ಪಿಯಾನೊಗೆ ಮೂರು ಕಾಲುಪಟ್ಟಿಗಳಿರುತ್ತವೆ. ಅವನ್ನು ಒತ್ತದಿದ್ದರೆ ನಾದ ಉದ್ದಕ್ಕೆ ನಿಲ್ಲುವುದಿಲ್ಲ. ಮಿಶೆಲ್ ಅವರ ಕಾಲುಗಳಾದರೋ ಆಸನದ ಅಂಚನ್ನೇ ದಾಟುತ್ತಿರಲಿಲ್ಲ. ತಂದೆ ಟೋನಿ ಕಾಲುಪಟ್ಟಿಯನ್ನು ಎತ್ತರಕ್ಕೆ ತರುವ ಒಂದು ಸಾಧನವನ್ನು ಮಾಡಿಕೊಟ್ಟರು. ಅಂಥ ಸಾಧನ ಮುಂದೆ ಅವರೊಂದಿಗೆ ದೇಶದೇಶ ಸುತ್ತಿತು. ಕೈಗಳ ವಿಷಯದಲ್ಲಿ ಮಾತ್ರ ದೇವರು ಉದಾರಿಯಾಗಿದ್ದರು ಎನ್ನಬೇಕು. ತೋಳು, ಅಂಗೈ, ಬೆರಳುಗಳು ಸಾಮಾನ್ಯ ಅಳತೆಯವು, ಬೆರಳುಗಳಿಗೆ ಅಸಾಧಾರಣ ಬಲವಿತ್ತು. ಮುಂದೆ ಎಂಟು ವರ್ಷಗಳ ಕಾಲ ಅವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಶಿಸ್ತಾಗಿ ಕಲಿತರು. ಶಾಲೆಗೆ ಹೋಗಿ ಬೇರೆ ಮಕ್ಕಳ ಜೊತೆ ಓಡಾಡುವ ಭಾಗ್ಯವಿಲ್ಲದ ಹುಡುಗನಿಗೆ ದಿನವಿಡೀ ಪಿಯಾನೊ. ಹದಿಹರೆಯಕ್ಕೆ ಕಾಲಿಡುವ ಮೊದಲೇ ಅವರ ಮೂಳೆಗಳು ನೂರಕ್ಕೂ ಹೆಚ್ಚು ಬಾರಿ ಮುರಿದಿದ್ದವೆಂದು ಹೇಳುತ್ತಾರೆ.

ಇಲ್ಲಿ ಬೆನ್ನೆಲುಬಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೈಕಾಲು ಮುರಿದರೆ ಎಲ್ಲರಿಗೂ ಕಾಣುತ್ತದೆ, ಪಟ್ಟಿ ಕಟ್ಟುತ್ತಾರೆ, ಅದು ಕೂಡಿಕೊಳ್ಳುತ್ತದೆ. ಬೆನ್ನಿನಲ್ಲಿ ಆಗುವುದು ಸದ್ದಿಲ್ಲದ ಕೆಲಸ. ಬೆನ್ನೆಲುಬು ಒಂದರ ಮೇಲೊಂದು ಇಟ್ಟ ಮಣಿಗಳ ಸಾಲು. ಮೂಳೆ ಮೆತ್ತಗಿದ್ದರೆ ಮೇಲಿನ ಭಾರಕ್ಕೆ ಪ್ರತಿ ಮಣಿಯೂ ಕುಸಿಯುತ್ತದೆ, ನಡುಭಾಗ ಮೇಲಿನಿಂದಲೂ ಕೆಳಗಿನಿಂದಲೂ ತಗ್ಗಾಗುತ್ತದೆ. ಬಂಗುಡೆ ತಿಂದು ತಟ್ಟೆಯ ಬದಿಗಿಟ್ಟ ನಡುಮುಳ್ಳನ್ನು ಬೆಳಕಿಗೆ ಹಿಡಿದು ನೋಡಿದರೆ ಮಣಿಯ ಎರಡೂ ಬದಿಯಲ್ಲಿ ಬಟ್ಟಲಿನಂಥ ತಗ್ಗು ಕಾಣುತ್ತದಲ್ಲವೇ, ಎಕ್ಸ್‌ರೇಯಲ್ಲಿ ಈ ರೋಗಿಗಳ ಬೆನ್ನಿನ ಮಣಿಗಳು ಹಾಗೆಯೇ ಕಾಣುತ್ತವೆ. ವೈದ್ಯರು ಅದಕ್ಕೆ ಇಟ್ಟ ಹೆಸರೂ ಮೀನಿನದ್ದೇ, ಕಾಡ್ ಎಂಬ ಮೀನಿನದ್ದು. ಮಣಿಗಳು ಕುಸಿದಂತೆ ಮುಂಡ ಗಿಡ್ಡವಾಗುತ್ತದೆ. ಜೊತೆಗೆ ಕೀಲುಗಳ ಕಟ್ಟುಗಳೂ ಅದೇ ಕೊಲಾಜೆನ್‌ನಿಂದ ಆದವು, ಅವೂ ಸಡಿಲ. ಆದ್ದರಿಂದ ಬೆನ್ನು ಪಕ್ಕಕ್ಕೂ ಬಾಗುತ್ತದೆ, ಮುಂದಕ್ಕೂ ಗೂನಾಗುತ್ತದೆ. ಮಕ್ಕಳಲ್ಲಿ ತೀವ್ರ ಬಗೆಯ ಕಾಯಿಲೆ ಇದ್ದರೆ ಪಕ್ಕಕ್ಕೆ ಬಾಗುವುದು ವರ್ಷಕ್ಕೆ ಸುಮಾರು 6 ಡಿಗ್ರಿಯಷ್ಟು ಹೆಚ್ಚುತ್ತಾ ಹೋಗಬಲ್ಲದು.

ಬೇರೆ ಮಕ್ಕಳಿಗೆ ಬೆನ್ನು ಬಾಗಿದರೆ ವೈದ್ಯರು ಗಟ್ಟಿ ಪಟ್ಟಿಯೊಂದನ್ನು ಸೊಂಟದಿಂದ ಎದೆಯವರೆಗೆ ಕಟ್ಟಿಸುತ್ತಾರೆ. ಈ ಮಕ್ಕಳಲ್ಲಿ ಅದು ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಪಟ್ಟಿಯ ಒತ್ತಡ ಪಕ್ಕೆಲುಬುಗಳ ಮೂಲಕ ಬೆನ್ನಿಗೆ ತಲುಪಬೇಕು. ಪಕ್ಕೆಲುಬುಗಳೇ ಮೆತ್ತಗಿದ್ದರೆ ಅವೇ ಬಾಗಿ ಎದೆಗೂಡು ಇನ್ನಷ್ಟು ಕಿರಿದಾಗುತ್ತದೆ. ಶಸ್ತ್ರಚಿಕಿತ್ಸೆಯೂ ಸುಲಭವಲ್ಲ, ಮೃದುವಾದ ಮೂಳೆಯಲ್ಲಿ ತಿರುಪು ಮೊಳೆ ಹಿಡಿಯುವುದಿಲ್ಲ. ಅದಕ್ಕಿಂತ ಅಪಾಯದ್ದು ಕುತ್ತಿಗೆಯ ಮೇಲ್ತುದಿ. ಕೆಲವು ರೋಗಿಗಳಲ್ಲಿ ತಲೆಬುರುಡೆಯ ತಳ ಮೆತ್ತಗಾಗಿ ಬೆನ್ನೆಲುಬಿನ ಮೇಲೆ ಕುಸಿಯುತ್ತದೆ, ಮಿದುಳಿನ ಕಾಂಡವನ್ನು ಒತ್ತುತ್ತದೆ. ಹಿಂದಲೆಯಲ್ಲಿ ನೋವು, ನುಂಗಲು ಕಷ್ಟ, ಕೈಕಾಲಿನಲ್ಲಿ ಜೋಮು ಕಂಡರೆ ಅದನ್ನು ಹಗುರವಾಗಿ ನೋಡಬಾರದು.

ಆದರೆ ಬಾಗಿದ ಬೆನ್ನಿನ ನಿಜವಾದ ಬೆಲೆ ತೆರುವುದು ಶ್ವಾಸಕೋಶ. ಎದೆಯ ಭಾಗದ ಬಾಗು 60 ಡಿಗ್ರಿ ಮುಟ್ಟುವ ವೇಳೆಗೆ ಉಸಿರಿನ ಸಾಮರ್ಥ್ಯ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಬೇರೆಯವರು ನಾಲ್ಕು ದಿನ ಕೆಮ್ಮಿ ಎದ್ದು ಓಡಾಡುವ ನೆಗಡಿ ಇವರಿಗೆ ನ್ಯುಮೋನಿಯಾ ಆಗುತ್ತದೆ. ಈ ಕಾಯಿಲೆಯ ತೀವ್ರ ಬಗೆಯವರಲ್ಲಿ ಮರಣಕ್ಕೆ ಮುಖ್ಯ ಕಾರಣ ಮುರಿದ ಮೂಳೆಯಲ್ಲ, ಶ್ವಾಸಕೋಶದ ತೊಂದರೆ. ಮಿಶೆಲ್ ಅವರ ಚಿತ್ರಗಳನ್ನು ನೋಡಿದವರಿಗೆ ಹೆಗಲೊಳಗೆ ಇಳಿದಂತಿರುವ ಕುತ್ತಿಗೆ, ಗಿಡ್ಡವಾದ ಮುಂಡ, ಉಬ್ಬಿದ ಎದೆ ಕಾಣುತ್ತದೆ. ಆ ದೇಹದೊಳಗೆ ಗಾಳಿಗೆ ಜಾಗ ಎಷ್ಟಿದ್ದೀತು ಎಂದು ಯೋಚಿಸಿ, ಮತ್ತೆ ಅವರ ಸಂಗೀತ ಕೇಳಬೇಕು.

13ನೇ ವಯಸ್ಸಿನಲ್ಲಿ ಅವರ ಮೊದಲ ದೊಡ್ಡ ಕಛೇರಿ. ದಕ್ಷಿಣ ಫ್ರಾನ್ಸಿನ ಕ್ಲಿಯೂಸ್ಕ್ಲಾ ಎಂಬ ಹಳ್ಳಿಯ ಸಂಗೀತೋತ್ಸವಕ್ಕೆ ಅಮೆರಿಕದ ತುತ್ತೂರಿ ವಾದಕ ಕ್ಲಾರ್ಕ್ ಟೆರಿ ಬಂದಿದ್ದರು. ಜೊತೆಗೆ ನುಡಿಸಲು ಪಿಯಾನೊ ವಾದಕರು ಬೇಕಾಗಿದ್ದರು. ಯಾರೋ ಎತ್ತಿಕೊಂಡು ಬಂದು ಪಿಯಾನೊ ಮುಂದೆ ಕೂರಿಸಿದ ಈ ಪುಟ್ಟ ಹುಡುಗನನ್ನು ನೋಡಿ ಟೆರಿ ಇದು ತಮಾಷೆ ಎಂದೇ ಭಾವಿಸಿದರು. ಕೆಲವೇ ನಿಮಿಷ ನುಡಿಸಿದ ಮೇಲೆ ತಮಾಷೆ ನಿಂತಿತು, ಹಿರಿಯ ಕಲಾವಿದರು ಹುಡುಗನನ್ನು ಅಪ್ಪಿಕೊಂಡರು.

ಹದಿನೆಂಟು ತುಂಬುವ ಮೊದಲೇ ಪ್ಯಾರಿಸ್. 1980ರಲ್ಲಿ ಮೊದಲ ಧ್ವನಿಮುದ್ರಿಕೆ. ತಂದೆಗೆ ಮಗನನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಇಷ್ಟು ವರ್ಷ ಹತ್ತಿಯಲ್ಲಿ ಸುತ್ತಿಟ್ಟಂತೆ ಕಾಪಾಡಿದ ಮಗು, ಹೊರಗೆ ಯಾರು ಎತ್ತಿಕೊಳ್ಳುತ್ತಾರೆ, ಯಾರು ಬೀಳಿಸುತ್ತಾರೆ ಎಂಬ ಭಯ. ಇದು ನಮ್ಮ ಎಲ್ಲ ತಾಯಿತಂದೆಯರ ಭಯವೂ ಹೌದು. ಆದರೆ ಪ್ಯಾರಿಸ್ಸಿನಲ್ಲಿ ಎತ್ತಿಕೊಳ್ಳುವವರು ಸಿಕ್ಕಿದರು. ಡ್ರಮ್ ವಾದಕ ಆಲ್ಡೊ ರೊಮಾನೊ ಅವರನ್ನು ಧ್ವನಿಮುದ್ರಣ ಸಂಸ್ಥೆಯೊಂದಕ್ಕೆ ಪರಿಚಯಿಸಿದ್ದಲ್ಲದೆ, ತಾವೇ ತೋಳಿನಲ್ಲಿ ಹೊತ್ತುಕೊಂಡು ಓಡಾಡಿದರು. ಆಮೇಲಿನ ವರ್ಷಗಳಲ್ಲಿ ಹಲವು ಸಂಗೀತಗಾರರು ಆ ಕೆಲಸ ಮಾಡಿದರು. ವೇದಿಕೆಗೆ ಯಾರದೋ ತೋಳಿನಲ್ಲಿ ಬರುವುದು, ಆಸನದಲ್ಲಿ ಕೂರಿಸಿಕೊಳ್ಳುವುದು, ನಂತರ ಎರಡು ಗಂಟೆ ಅರಸನಂತೆ ನುಡಿಸುವುದು. ಹೊತ್ತು ತರುವುದನ್ನು ಅವರು ಅವಮಾನವೆಂದು ಭಾವಿಸಲಿಲ್ಲ. ನಂತರದ ದಿನಗಳಲ್ಲಿ ಊರುಗೋಲು ಹಿಡಿದು ತಾವೇ ನಡೆದು ಬರುತ್ತಿದ್ದರು.

1980ರ ದಶಕದ ಆರಂಭದಲ್ಲಿ ಅವರು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿ ಬಿಗ್ ಸರ್ ಎಂಬ ಕಡಲತೀರದ ಗುಡ್ಡಗಾಡಿನಲ್ಲಿ ಚಾರ್ಲ್ಸ್ ಲಾಯ್ಡ್ ಎಂಬ ಹೆಸರಾಂತ ಸ್ಯಾಕ್ಸೋಫೋನ್ ವಾದಕರು ವೇದಿಕೆಯಿಂದ ದೂರ ಸರಿದು, ಧ್ಯಾನ ಮಾಡಿಕೊಂಡು ಏಕಾಂತದಲ್ಲಿ ವಾಸವಾಗಿದ್ದರು. ಈ ಹುಡುಗನ ಪಿಯಾನೊ ಕೇಳಿ ಅವರು ಮತ್ತೆ ವಾದ್ಯ ಕೈಗೆತ್ತಿಕೊಂಡರು. 1982ರಲ್ಲಿ ಸ್ವಿಟ್ಜರ್ಲೆಂಡಿನ ಮೋಂಟ್ರೂ ಉತ್ಸವದಲ್ಲಿ ಇಬ್ಬರೂ ಒಟ್ಟಿಗೆ ನುಡಿಸಿದರು. ಎಲ್ಲರೂ ಎತ್ತಿಕೊಂಡು ನಡೆಯಬೇಕಾದ ಇಪ್ಪತ್ತರ ತರುಣ, ಆರಡಿ ಎತ್ತರದ ಹಿರಿಯರೊಬ್ಬರನ್ನು ಅವರ ಏಕಾಂತದಿಂದ ಎತ್ತಿ ತಂದಂತಾಯಿತು.

ಮುಂದಿನದು ನ್ಯೂಯಾರ್ಕ್. 1984ರಲ್ಲಿ ಅಲ್ಲಿನ ಪ್ರಸಿದ್ಧ ವಿಲೇಜ್ ವ್ಯಾನ್‌ಗಾರ್ಡ್ ಸಂಗೀತಶಾಲೆಯಲ್ಲಿ ಅವರ ಕಛೇರಿಯ ಧ್ವನಿಮುದ್ರಣವಾಯಿತು. ಸ್ವಲ್ಪದರಲ್ಲೇ ಜಾಝ್ ಲೋಕದಲ್ಲಿ ಅತ್ಯಂತ ಗೌರವದ ಬ್ಲೂ ನೋಟ್ ಸಂಸ್ಥೆ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಆ ಸಂಸ್ಥೆ ಸೇರಿದ ಮೊದಲ ಫ್ರೆಂಚ್ ಸಂಗೀತಗಾರರು ಅವರೇ. 1986ರಲ್ಲಿ ಜಿಮ್ ಹಾಲ್, ವೇಯ್ನ್ ಶಾರ್ಟರ್ ಅವರಂಥ ದಿಗ್ಗಜರ ಜೊತೆ ಮತ್ತೆ ಮೋಂಟ್ರೂ ವೇದಿಕೆ. 1990ರ ದಶಕದಲ್ಲಿ ಯುರೋಪಿಗೆ ಮರಳಿ ವೃದ್ಧ ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲ್ಲಿ ಅವರೊಡನೆ, ಆರ್ಗನ್ ವಾದಕ ಎಡ್ಡಿ ಲೂಯಿಸ್ ಅವರೊಡನೆ, ಮತ್ತು ತಮ್ಮ ತಂದೆ ಟೋನಿಯವರೊಡನೆಯೂ ಧ್ವನಿಮುದ್ರಣ ಮಾಡಿದರು. 1994ರಲ್ಲಿ ಫ್ರಾನ್ಸ್ ಸರಕಾರ ಲೀಜನ್ ಆಫ್ ಆನರ್ ಗೌರವ ನೀಡಿತು.

ಅವರು ನುಡಿಸುವ ಬಗೆಯನ್ನು ವಿವರಿಸುವುದು ಕಷ್ಟ. ನಮ್ಮ ಗಾಯನ ಮಂಡಳಿಗಳಲ್ಲಿ ಕೀಬೋರ್ಡ್ ನುಡಿಸುವ ಯುವಕರಿಗೆ ನಾವು ಹೇಳುವುದಿಷ್ಟೇ: ಅವರ ಒಂದು ಮುದ್ರಿಕೆಯನ್ನು ಕಣ್ಣು ಮುಚ್ಚಿ ಕೇಳಿ. ಪ್ರತಿ ಸ್ವರವೂ ಗಂಟೆ ಬಾರಿಸಿದಂತೆ ಸ್ಪಷ್ಟ. ಅನುಕಂಪ ಬೇಡುವ ಒಂದು ಸ್ವರವೂ ಇಲ್ಲ. ನೋವಿನ ಬದುಕಿನಿಂದ ಬಂದ ಸಂಗೀತವೆಂದರೆ ಅಳುವ ಸಂಗೀತ ಎಂದು ನಾವು ಊಹಿಸುತ್ತೇವೆ. ಇಲ್ಲಿ ಹಾಗಲ್ಲ, ಹೆಚ್ಚಿನವು ನಗುವ ರಾಗಗಳು. ಅವರ ರಚನೆಗಳಲ್ಲಿ ತುಂಬ ಜನಪ್ರಿಯವಾದ ಒಂದರ ಹೆಸರು 'ಲುಕಿಂಗ್ ಅಪ್', ಮೇಲಕ್ಕೆ ನೋಡುವುದು ಎಂದರ್ಥ. ಮೂರಡಿ ಎತ್ತರದವರು ಜೀವನವಿಡೀ ಎಲ್ಲರ ಮುಖವನ್ನು ಮೇಲಕ್ಕೆ ನೋಡಿಯೇ ಮಾತನಾಡಬೇಕಲ್ಲ, ಅದನ್ನೇ ಅವರು ಹರ್ಷದ ಹಾಡಾಗಿಸಿದರೋ ಏನೋ. 88 ಮನೆಗಳ ಪಿಯಾನೊದ ಎರಡೂ ತುದಿ ಮುಟ್ಟಲು ಅವರು ಇಡೀ ಮುಂಡವನ್ನೇ ಆಸನದ ಮೇಲೆ ಅತ್ತಿತ್ತ ಸರಿಸಬೇಕಾಗಿತ್ತು. ಬಾಗಿದ ಬೆನ್ನಿನ ಮೇಲೆ ಪ್ರತಿ ಸಲವೂ ಅದರ ಭಾರ ಬೀಳುತ್ತಿತ್ತು. ನುಡಿಸುತ್ತಿರುವಾಗಲೇ ಮೂಳೆ ಮುರಿದದ್ದೂ ಉಂಟು.

ಅವರ ಬದುಕಿನ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಅವರ ಸಂಸಾರ ಜೀವನ ಸ್ಥಿರವಾಗಿರಲಿಲ್ಲ. ಹಲವು ಸಂಬಂಧಗಳು ಕಟ್ಟಿದವು, ಮುರಿದವು; ಬಿಟ್ಟುಹೋದವರು ಹೆಚ್ಚಾಗಿ ಅವರೇ. ಹೆಚ್ಚು ದಿನ ಬದುಕುವುದಿಲ್ಲವೆಂಬ ಅರಿವು ಅವರನ್ನು ಎಲ್ಲದರಲ್ಲೂ ಅವಸರಕ್ಕೆ ನೂಕಿತು, ಆ ಅವಸರದಲ್ಲಿ ಬೇರೆಯವರಿಗೆ ನೋವಾಯಿತು. ಅಂಗವೈಕಲ್ಯ ಇದ್ದವರೆಲ್ಲ ದೇವದೂತರಂತೆ ಇರಬೇಕೆಂದು ನಿರೀಕ್ಷಿಸುವುದು ನಮ್ಮ ತಪ್ಪು. ಅವರೂ ನಮ್ಮಂತೆಯೇ ಪಾಪ ಮಾಡಬಲ್ಲ ಮನುಷ್ಯರು ಎಂದು ಒಪ್ಪಿಕೊಳ್ಳುವುದೇ ಅವರಿಗೆ ಕೊಡುವ ಮೊದಲ ಗೌರವ.

ಅವರಿಗೆ ಒಬ್ಬ ಮಗ ಹುಟ್ಟಿದರು. ಈ ಕಾಯಿಲೆಯ ಸಾಮಾನ್ಯ ಬಗೆಗಳಲ್ಲಿ ರೋಗವಿರುವ ತಂದೆಯಿಂದ ಅಥವಾ ತಾಯಿಯಿಂದ ಮಗುವಿಗೆ ಅದು ಬರುವ ಸಂಭವ ಎರಡರಲ್ಲಿ ಒಂದು. ಮಗನಿಗೂ ಬಂತು. ಗೊತ್ತಿದ್ದೂ ಇಂಥ ಮಗುವನ್ನು ಏಕೆ ಹೆತ್ತರು ಎಂದು ಆಗ ಕೇಳಿದವರಿದ್ದರು, ಈಗಲೂ ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಮಗುವಿನ ನೋವು ನಿಜವಾದದ್ದು. ಅದನ್ನು ಬಲ್ಲವರಲ್ಲಿ ಆ ತಂದೆಗಿಂತ ಹೆಚ್ಚು ಬಲ್ಲವರು ಯಾರೂ ಇರಲಿಲ್ಲ. ಆದರೆ ಆ ಮಗು ಹುಟ್ಟಬಾರದಿತ್ತು ಎನ್ನುವವರು, 1962ರಲ್ಲಿ ಒರಾಂಜ್ ಪಟ್ಟಣದಲ್ಲಿ ಹುಟ್ಟಿದ ಮಗುವಿನ ಬಗ್ಗೆಯೂ ಅದನ್ನೇ ಹೇಳಬೇಕಾಗುತ್ತದೆ. ಗರ್ಭದಲ್ಲಿರುವಾಗಲೇ ತಪಾಸಣೆಯಲ್ಲಿ ಬಾಗಿದ ಮೂಳೆ ಕಾಣುವ ಈ ದಿನಗಳಲ್ಲಿ ಇದು ನಮ್ಮೂರಿನ ದಂಪತಿಗಳ ಮುಂದೆಯೂ ಬರುವ ಪ್ರಶ್ನೆ. ಸಲಹೆ ಕೊಡಲು ಹೋಗುವ ನಮ್ಮ ಕುಟುಂಬ ಆಯೋಗದ ಕಾರ್ಯಕರ್ತರು ಬರೀ ನೀತಿಯನ್ನು ಹೇಳಿ ಬಾರದೆ, ಮಗು ಹುಟ್ಟಿದ ಮೇಲೆ ಆ ಮನೆಯ ಮೆಟ್ಟಿಲು ಎಷ್ಟು ಸಲ ಹತ್ತುತ್ತೇವೆ ಎಂಬುದನ್ನೂ ಹೇಳಬಲ್ಲವರಾಗಿರಬೇಕು.

1997ರ ಸೆಪ್ಟೆಂಬರ್ ತಿಂಗಳಲ್ಲಿ ಇಟೆಲಿಯ ಬೊಲೋನ್ಯ ನಗರದಲ್ಲಿ ರಾಷ್ಟ್ರೀಯ ಪರಮಪ್ರಸಾದ ಮಹಾಸಮ್ಮೇಳನ ನಡೆಯಿತು. 27ರ ಸಂಜೆ ಯುವಜನರಿಗಾಗಿ ಏರ್ಪಡಿಸಿದ್ದ ಸಂಗೀತ ಕಾರ್ಯಕ್ರಮಕ್ಕೆ ಜಗದ್ಗುರು ಎರಡನೇ ಜಾನ್ ಪೌಲರು ಆಗಮಿಸಿದ್ದರು. ಆ ಸಂಜೆಯನ್ನು ಪತ್ರಿಕೆಗಳು ನೆನಪಿಡುವುದು ಅಮೆರಿಕದ ಗಾಯಕ ಬಾಬ್ ಡಿಲನ್ ಹಾಡಿದರೆಂಬ ಕಾರಣಕ್ಕೆ. ಅದೇ ವೇದಿಕೆಯಲ್ಲಿ ಪಿಯಾನೊ ನುಡಿಸಿದವರಲ್ಲಿ ಮಿಶೆಲ್ ಕೂಡ ಇದ್ದರು. ಜಗದ್ಗುರುಗಳಿಗೆ ಆಗ 77 ವರ್ಷ. ಹಿಮಗಡ್ಡೆಯ ಮೇಲೆ ಜಾರುತ್ತಿದ್ದ, ಬೆಟ್ಟ ಹತ್ತುತ್ತಿದ್ದ ಆ ದೇಹ 1994ರಲ್ಲಿ ತೊಡೆಯ ಮೂಳೆ ಮುರಿದ ಮೇಲೆ ಕುಗ್ಗಿತ್ತು, ಬೆನ್ನು ಬಾಗತೊಡಗಿತ್ತು, ಕೈ ನಡುಗುತ್ತಿತ್ತು. ಮುಂದೆ 2014ರಲ್ಲಿ ಸಂತರೆಂದು ಘೋಷಿತರಾದ ಆ ವೃದ್ಧರು ಒಂದೆಡೆ, ಹುಟ್ಟಿನಿಂದಲೇ ಬೆನ್ನು ಬಾಗಿದ ಈ ವಾದಕರು ಇನ್ನೊಂದೆಡೆ. ಡಿಲನ್ ಅವರ ಟೋಪಿಯ ಬಗ್ಗೆ ಅಷ್ಟು ಬರೆದ ಪತ್ರಕರ್ತರು ಇದನ್ನು ಗಮನಿಸಲಿಲ್ಲವಲ್ಲ ಎಂದು ನಮಗೆ ಅನಿಸುತ್ತದೆ.

ಅದೇ ವರ್ಷ ಫೆಬ್ರವರಿಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಒಬ್ಬರೇ ಕುಳಿತು ನುಡಿಸಿದ ಕಛೇರಿಯ ಮುದ್ರಿಕೆ, ಮತ್ತು ಆ ವರ್ಷವೇ ಟೋಕಿಯೋದಲ್ಲಿ ಆಂತೊನಿ ಜಾಕ್ಸನ್, ಸ್ಟೀವ್ ಗ್ಯಾಡ್ ಅವರೊಡನೆ ನುಡಿಸಿದ ಮುದ್ರಿಕೆ ಇಂದಿಗೂ ಜನ ಹುಡುಕಿ ಕೇಳುವಂಥವು. ಆದರೆ ದೇಹ ಸೋಲುತ್ತಿತ್ತು. 1998ರಲ್ಲಿ ಅವರು ನೂರಕ್ಕೂ ಹೆಚ್ಚು ಕಛೇರಿ ನೀಡಿದರು. ವರ್ಷದಲ್ಲಿ ಮೂರು ದಿನಕ್ಕೊಂದು ಊರು, ವಿಮಾನ, ಹೋಟೆಲು, ನಿದ್ದೆಗೆಟ್ಟ ರಾತ್ರಿ. ಗಟ್ಟಿ ಬೆನ್ನಿನವರಿಗೇ ಅದು ಕಷ್ಟ. ವರ್ಷದ ಕೊನೆಗೆ ಬಳಲಿಕೆಯಿಂದ ಪ್ರವಾಸ ನಿಲ್ಲಿಸಬೇಕಾಯಿತು.

ಹೊಸ ವರ್ಷಕ್ಕೆ ಅವರು ನ್ಯೂಯಾರ್ಕಿನಲ್ಲಿದ್ದರು. ಅಲ್ಲಿನ ಕಡು ಚಳಿಯಲ್ಲಿ ಶ್ವಾಸಕೋಶದ ಸೋಂಕು ತಗುಲಿತು. 1999ರ ಜನವರಿ 6ರಂದು, ನಾವು ಮೂರು ರಾಯರ ಹಬ್ಬವೆಂದು ಆಚರಿಸುವ ದಿನ, ಅವರು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ನೂರಾರು ಬಾರಿ ಮುರಿದ ಮೂಳೆಗಳು ಅವರನ್ನು ಕೊಲ್ಲಲಿಲ್ಲ, ಕಿರಿದಾದ ಎದೆಗೂಡಿನಲ್ಲಿ ಜಾಗ ಸಾಲದ ಉಸಿರು ಕೊಂದಿತು.

ಇಲ್ಲಿ ಒಂದು ದಿನಾಂಕ ನಮ್ಮನ್ನು ಕಾಡುತ್ತದೆ. ಅವರ ಮರಣಕ್ಕೆ ಮೂರು ತಿಂಗಳ ಹಿಂದೆ, 1998ರ ಅಕ್ಟೋಬರ್ ತಿಂಗಳಲ್ಲಿ, ಕೆನಡಾದ ಮಾಂಟ್ರಿಯಲ್ ನಗರದ ವೈದ್ಯ ಫ್ರಾನ್ಸಿಸ್ ಗ್ಲೋರಿಯೋ ಮತ್ತು ಸಂಗಡಿಗರು ಇದೇ ಕಾಯಿಲೆಯ 30 ಮಕ್ಕಳಿಗೆ ಪಾಮಿಡ್ರೊನೇಟ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟ ಫಲಿತಾಂಶವನ್ನು ಪ್ರಕಟಿಸಿದರು. ಮೂಳೆ ಸವೆಯುವುದನ್ನು ತಡೆಯುವ ಔಷಧ ಅದು. ಮಕ್ಕಳ ಮೂಳೆ ಗಟ್ಟಿಯಾಯಿತು, ಮುರಿಯುವುದು ಕಡಿಮೆಯಾಯಿತು, ನೋವು ಇಳಿಯಿತು. ಬೆಳೆಯುವ ವಯಸ್ಸಿನಲ್ಲಿ ಕೊಟ್ಟರೆ ಕುಸಿದ ಬೆನ್ನಿನ ಮಣಿಗಳೂ ಸ್ವಲ್ಪಮಟ್ಟಿಗೆ ತಮ್ಮ ಎತ್ತರ ಪಡೆಯುತ್ತವೆ, ಚಿಕ್ಕಂದಿನಲ್ಲೇ ಆರಂಭಿಸಿದರೆ ತೀವ್ರ ಬಗೆಯಲ್ಲಿ ಬೆನ್ನು ಬಾಗುವ ವೇಗವೂ ತಗ್ಗುತ್ತದೆ ಎಂದು ನಂತರ ತಿಳಿದುಬಂತು. ಇದು ಕಾಯಿಲೆಯ ಮೂಲವನ್ನು ಕೀಳುವುದಿಲ್ಲ, ತುಕ್ಕು ಹಿಡಿದ ಸರಳನ್ನು ಬದಲಾಯಿಸುವುದಿಲ್ಲ. ಆದರೂ ಒಂದು ಬಾಲ್ಯವನ್ನು ಬದಲಾಯಿಸಬಲ್ಲದು. ಇಂದು ಈ ಬಗೆಯ ಔಷಧಗಳು ಭಾರತದಲ್ಲಿಯೂ ದೊರೆಯುತ್ತವೆ. 35 ದಾಟಿದ ಮಿಶೆಲ್ ಅವರ ಬೆನ್ನಿಗೆ ಅದು ತಡವಾಗಿ ಬಂದ ಸುದ್ದಿ.

ಹಾಗಾಗಿ ಮನೆ ಭೇಟಿಗೆ ಹೋಗುವವರು ಕೆಲವು ಸಂಗತಿಗಳನ್ನು ತಿಳಿದಿದ್ದರೆ ಒಳ್ಳೆಯದು. ಸಣ್ಣ ಪೆಟ್ಟಿಗೂ ಪದೇ ಪದೇ ಮೂಳೆ ಮುರಿಯುವ ಮಗು, ಕಣ್ಣಿನ ಬಿಳಿಭಾಗ ನೀಲಿಯಾಗಿ ಕಾಣುವ ಮಗು, ಹಲ್ಲು ಪುಡಿಯಾಗುವ ಮಗು ಇದ್ದರೆ ಮೂಳೆ ಕಟ್ಟುವವರ ಬಳಿಗಲ್ಲ, ಮಕ್ಕಳ ಮೂಳೆ ಮತ್ತು ವಂಶವಾಹಿ ಕಾಯಿಲೆ ಬಲ್ಲ ವೈದ್ಯರ ಬಳಿಗೆ ಕಳುಹಿಸಬೇಕು, ಅದೂ ಬೆನ್ನು ಬಾಗುವ ಮೊದಲೇ. ಮಗುವನ್ನು ಕಂಕುಳಲ್ಲಿ ಕೈ ಹಾಕಿ ಎತ್ತಬಾರದು, ಕಾಲು ಹಿಡಿದು ಮೇಲೆತ್ತಿ ಬಟ್ಟೆ ಬದಲಿಸಬಾರದು. ಅಂಗೈ ಅಗಲಿಸಿ ತಲೆ, ಬೆನ್ನು, ಸೊಂಟಕ್ಕೆ ಒಟ್ಟಿಗೆ ಆಧಾರ ಕೊಡಬೇಕು. ದೀಕ್ಷಾಸ್ನಾನದ ದಿನ ಮಗುವನ್ನು ಕೈಯಿಂದ ಕೈಗೆ ದಾಟಿಸುವ ನಮ್ಮ ಅಭ್ಯಾಸವನ್ನು ಈ ಮಗುವಿಗೆ ಬಿಟ್ಟುಬಿಡೋಣ. ಧರ್ಮಗುರುಗಳು ತಾಯಿಯ ಮಡಿಲಲ್ಲಿಯೇ ಸ್ನಾನ ಮಾಡಿಸಿದರೂ ಸಂಸ್ಕಾರಕ್ಕೆ ಕೊರತೆಯಿಲ್ಲ. ಕೆಮ್ಮು ಜ್ವರ ಬಂದರೆ ತಡಮಾಡಬಾರದು, ನ್ಯುಮೋನಿಯಾ ಮತ್ತು ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಮತ್ತು ಮಗುವಿಗೆ ಬುದ್ಧಿಯ ಕೊರತೆ ಇದೆಯೆಂದು ಊಹಿಸಬಾರದು. ಈ ಕಾಯಿಲೆ ಬುದ್ಧಿಯನ್ನು ಮುಟ್ಟುವುದಿಲ್ಲ.

ಮಿಶೆಲ್ ಅವರ ದೇಹವನ್ನು ಪ್ಯಾರಿಸ್ಸಿಗೆ ತಂದು ಪೇರ್ ಲಾಶೇಸ್ ಸ್ಮಶಾನದಲ್ಲಿ ಸಮಾಧಿ ಮಾಡಿದರು. ಹತ್ತಿರದಲ್ಲೇ ಪಿಯಾನೊ ಲೋಕದ ಮಹಾನ್ ಸಂಗೀತ ರಚನಕಾರ ಶೊಪ್ಯಾನ್ ಅವರ ಸಮಾಧಿಯಿದೆ. ಅವರೂ ಎದೆಯ ಕಾಯಿಲೆಯಲ್ಲಿ 39ನೇ ವಯಸ್ಸಿಗೆ ತೀರಿಕೊಂಡವರು. ಪ್ಯಾರಿಸ್ಸಿನ 18ನೇ ವಿಭಾಗದ ಒಂದು ಚೌಕಕ್ಕೆ ಮಿಶೆಲ್ ಪೆತ್ರುಚಿಯಾನಿ ಅವರ ಹೆಸರಿಟ್ಟಿದ್ದಾರೆ. 2011ರಲ್ಲಿ ಮೈಕಲ್ ರಾಡ್‌ಫರ್ಡ್ ಎಂಬ ನಿರ್ದೇಶಕರು ಅವರ ಬದುಕಿನ ಬಗ್ಗೆ ಒಂದು ಸಾಕ್ಷ್ಯಚಿತ್ರ ತಯಾರಿಸಿದರು. ಅವರನ್ನು ಪ್ರೀತಿಸಿದವರು, ಅವರಿಂದ ನೊಂದವರು, ಅವರನ್ನು ಹೊತ್ತುಕೊಂಡು ತಿರುಗಿದ ಗೆಳೆಯರು ಎಲ್ಲರೂ ಅದರಲ್ಲಿ ಬಂದು ಮಾತನಾಡುತ್ತಾರೆ. ತಂದೆಯಂತೆಯೇ ಗಿಡ್ಡ ದೇಹದ, ಆಗ ತರುಣರಾಗಿದ್ದ ಮಗನೂ ಅದರಲ್ಲಿ ಕಾಣಿಸಿಕೊಂಡಿದ್ದಾರೆ.